ಊರು ಬಿಟ್ಟ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಮಾಡಿದ ಹಿರಿಯರು ಅದಕ್ಕೆ ಮೂರನೆಯ ಮಾತೊಂದನ್ನು ಸೇರಿಸಲು ಮರೆತರೆಂದು ನಮಗೆ ಈಚೀಚೆಗೆ ತೋರುತ್ತಿದೆ. ಅದು ‘ಹಳೆಯ ಮನೆಯನ್ನು ಇಟ್ಟುಕೊಂಡು ನೋಡು’ ಎಂಬುದು. ಮದುವೆಯ ಗದ್ದಲ ನಾಲ್ಕು ದಿನದ್ದು. ಮನೆ ಕಟ್ಟುವ ತೊಂದರೆ ಎರಡು ವರ್ಷದ್ದು. ಹಳೆಯ ಮನೆಯ ಚಿಂತೆ ಮಾತ್ರ ತಂದೆಯಿಂದ ಮಕ್ಕಳಿಗೆ ಪಿತ್ರಾರ್ಜಿತವಾಗಿಯೇ ಬರುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮ್ಮ ಬಳಗದಲ್ಲಿ ಊರಿನಲ್ಲಿ ಇಂಥದೊಂದು ಮನೆ ಇಲ್ಲದವರು ವಿರಳ. ನಮಗೂ ಒಂದಿದೆ. ಪಾಲುದಾರರು ಐವರು, ಐವರೂ ಐದು ಪಟ್ಟಣಗಳಲ್ಲಿ. ಹೋದ ಮಳೆಗಾಲದಲ್ಲಿ ಹಿಂದಿನ ಅಂಕಣದ ತೊಲೆ ಗೆದ್ದಲು ಹಿಡಿದು ಬಾಗಿದೆಯೆಂದು ಸುದ್ದಿ ಬಂದಿತು. ಅಂದಿನಿಂದ ನಮ್ಮೊಳಗೆ ದೂರವಾಣಿಯ ಮೇಲೆ ಒಂದು ಸಣ್ಣ ಕುರುಕ್ಷೇತ್ರವೇ ನಡೆದಿದೆ. ಕೆಡವಿ ಹೊಸದು ಕಟ್ಟೋಣವೆಂದು ಒಬ್ಬರು, ಮಾರಿಬಿಡೋಣವೆಂದು ಇನ್ನೊಬ್ಬರು, ಒಂದು ಹಂಚನ್ನೂ ಮುಟ್ಟಕೂಡದೆಂದು ಮತ್ತೊಬ್ಬರು. ನಾವು ಯಾವ ಪಕ್ಷವನ್ನೂ ಸೇರದೆ ಎಲ್ಲರಿಂದಲೂ ಬೈಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಮಗಳ ಮನೆಗೆಂದು ಲಂಡನ್ನಿಗೆ ಹೋಗುವ ಪ್ರಸಂಗ ಒದಗಿತು. ಅಲ್ಲಿ ಒಂದು ದಿನ ಆರು ನೂರು ವರ್ಷದ ಒಂದು ಬೇಸಾಯಗಾರನ ಮನೆಯೊಳಗೆ ಕುಳಿತು ಬಂದೆವು. ಅದರ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಹೊಗೆಯೊಳಗೊಂದು ಹಜಾರ

ಲಂಡನ್ನಿನ ದಕ್ಷಿಣಕ್ಕೆ, ಸಸೆಕ್ಸ್ ಸೀಮೆಯಲ್ಲಿ, ಚಿಚೆಸ್ಟರ್ ಎಂಬ ಹಳೆಯ ಪಟ್ಟಣವಿದೆ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಗುಡ್ಡಗಳ ನಡುವೆ ಸಿಂಗಲ್ಟನ್ ಎಂಬ ಹಳ್ಳಿ. ಅಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯ ಉಳಿದ ಸಂಗ್ರಹಾಲಯಗಳಂತಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಸಾಮಾನುಗಳನ್ನಿಡುವ ಬದಲು ಬಯಲಿನಲ್ಲಿ ಮನೆಗಳನ್ನೇ ಇಟ್ಟಿದ್ದಾರೆ. ಮನೆ, ಕಣಜ, ಕೊಟ್ಟಿಗೆ, ಗಿರಣಿ, ಪಾಠಶಾಲೆ ಎಲ್ಲ ಸೇರಿ 50ಕ್ಕೂ ಹೆಚ್ಚು ಕಟ್ಟಡಗಳು. ಬಹುಪಾಲು ಕಟ್ಟಡಗಳನ್ನು ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಇಡೀ ಊರೇ ವಲಸೆಗಾರರದು ಎನ್ನಿ.

ಅವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಬೇಲೀಫ್ ಎಂಬ ಮನೆ. ಹಂಚಿನ ದೊಡ್ಡ ಮಾಡು, ಕಂಬ ತೊಲೆಗಳ ನಡುವೆ ಮಣ್ಣು ಮೆತ್ತಿದ ಗೋಡೆ, ಪಕ್ಕದಲ್ಲಿ ಸೊಪ್ಪು ತರಕಾರಿಯ ಹಿತ್ತಿಲು. ಒಳಗೆ ಹೊಕ್ಕರೆ ನಡುವೆ ಎತ್ತರದ ಹಜಾರ. ಅದಕ್ಕೆ ಅಟ್ಟವಿಲ್ಲ, ತಲೆಯೆತ್ತಿದರೆ ನೇರವಾಗಿ ಮಾಡಿನ ಪಕಾಸಿಗಳೇ ಕಾಣುತ್ತವೆ. ನೆಲದ ಮೇಲೆ ತೆರೆದ ಒಲೆ, ಅದರಲ್ಲಿ ಉರಿಯುವ ಸೌದೆ. ಹೊಗೆ ತನಗೆ ತೋಚಿದ ಹಾಗೆ ಮೇಲಕ್ಕೆ ಸುತ್ತಿ ಸುತ್ತಿ ಹೋಗುತ್ತಿತ್ತು. ಕಿಟಕಿಗಳಿಗೆ ಗಾಜಿಲ್ಲ, ಮರದ ಸರಳುಗಳು ಮಾತ್ರ. ಗಾಳಿ ತಡೆಯಲು ಹಲಗೆಯ ಪಡಿ. ಹಜಾರದ ಒಂದು ಕೊನೆಗೆ ಯಜಮಾನನ ಕೋಣೆ, ಮೇಲೆ ಮಲಗುವ ಮನೆ. ಇನ್ನೊಂದು ಕೊನೆಗೆ ಉಗ್ರಾಣದ ಎರಡು ಕೋಣೆಗಳು.

ನಾವು ಮಂಕಾಗಿ ನೋಡುತ್ತ ಕುಳಿತೆವು. ನಮ್ಮ ಮನೆಯಾಕೆ ಮಾತ್ರ ಸೆರಗಿನಿಂದ ಕಣ್ಣೊರಸಿಕೊಂಡು, “ಇವರಿಗೆ ಹೊಗೆಗೂಡು ಕಟ್ಟುವುದು ಗೊತ್ತಿರಲಿಲ್ಲವೆ?” ಎಂದು ಕೇಳಿದಳು. ಸೌದೆ ಒಲೆಯ ಮುಂದೆ ಬೆಳೆದವಳು, ಕೇಳುವ ಹಕ್ಕು ಅವಳಿಗಿತ್ತು. ಮಗಳು ಈ ಪ್ರಶ್ನೆಯನ್ನು ಅಲ್ಲಿದ್ದ ಒಬ್ಬ ವಯಸ್ಸಾದ ಸ್ವಯಂಸೇವಕರಿಗೆ ದಾಟಿಸಿದಳು. ಅವರು ನಕ್ಕು, “ಈ ಮನೆಗೆ ಹೊಗೆಗೂಡು ಇತ್ತು. ಇಲ್ಲಿ ಮತ್ತೆ ಕಟ್ಟುವಾಗ ಅದನ್ನು ಕಟ್ಟಲಿಲ್ಲ, ಅಷ್ಟೆ” ಎಂದರು.

ಇದ್ದ ಹೊಗೆಗೂಡನ್ನು ಕೈಬಿಟ್ಟು ಹೊಗೆಯನ್ನು ತಂದುಕೊಂಡರೆ? ಏಕೆ? ಇದನ್ನು ತಿಳಿಯಬೇಕಾದರೆ ಆ ಮನೆಯ ಜಾತಕವನ್ನು ಮೊದಲಿನಿಂದ ನೋಡಬೇಕು.

ಮರದ ಎಲುಬು, ಮಣ್ಣಿನ ಮೈ

ಬೇಲೀಫ್ ಹುಟ್ಟಿದ್ದು ಸಸೆಕ್ಸಿನಲ್ಲಲ್ಲ, ಪಕ್ಕದ ಕೆಂಟ್ ಸೀಮೆಯ ಬೌ ಬೀಚ್ ಎಂಬ ಕಣಿವೆಯಲ್ಲಿ. ಕೆಂಟ್ ಮತ್ತು ಸಸೆಕ್ಸುಗಳ ನಡುವಣ ಈ ಭಾಗಕ್ಕೆ ವೀಲ್ಡ್ ಎಂದು ಹೆಸರು. ಒಂದು ಕಾಲಕ್ಕೆ ದಟ್ಟವಾದ ಓಕ್ ಕಾಡು. ಮರಕ್ಕೆ ಬರವಿಲ್ಲದ ನಾಡಿನಲ್ಲಿ ಮನೆಗಳೂ ಮರದವೇ ಆದದ್ದು ಸಹಜ. ಮರದೊಳಗಿನ ಬೆಳವಣಿಗೆಯ ಉಂಗುರಗಳನ್ನು ಎಣಿಸಿ, ಅದನ್ನು ಕಡಿದ ಕಾಲವನ್ನು ಹೇಳುವ ಶಾಸ್ತ್ರವೊಂದು ಈಗ ಬೆಳೆದಿದೆ. ಅದರ ಪ್ರಕಾರ ಬೇಲೀಫಿನ ಹಜಾರದ ಭಾಗ 1405ರಿಂದ 1430ರೊಳಗೆ ಕಟ್ಟಿದ್ದು. ಯಜಮಾನನ ಕೋಣೆಯ ಭಾಗ 1505ರಿಂದ 1510ರೊಳಗಿನದು. ಎಂದರೆ ನಾವು ‘ಮೂಲ ಮನೆ’ ಎಂದು ಬೆರಗಾಗಿ ನೋಡುವುದರಲ್ಲಿಯೇ ಒಂದು ನೂರು ವರ್ಷದ ಅಂತರವಿದೆ. ಯಾರೋ ಮೊಮ್ಮಗನ ಕಾಲದವನು ಒಂದು ಕೊನೆಯನ್ನು ಹೊಸದಾಗಿ ಮಾಡಿಸಿದ್ದಾನೆ.

ಇಂಥ ಮನೆಯನ್ನು ಕಟ್ಟುವ ಕ್ರಮ ಬಹಳ ಸ್ವಾರಸ್ಯವಾದದ್ದು. ಬಡಗಿಗಳು ಆಗತಾನೆ ಕಡಿದ ಹಸಿ ಓಕ್ ಮರವನ್ನೇ ಬಳಸುತ್ತಿದ್ದರು; ಒಣಗಿದರೆ ಉಳಿಗೆ ಬಗ್ಗದಷ್ಟು ಗಟ್ಟಿ. ಒಂದು ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಕುಳಿಯೊಳಗೆ ಕೂರಿಸಿ, ಅಡ್ಡಲಾಗಿ ಓಕ್ ಮರದ್ದೇ ಗೂಟ ಬಡಿಯುತ್ತಿದ್ದರು. ಚೌಕಟ್ಟಿಗೆ ಕಬ್ಬಿಣದ ಮೊಳೆಯ ಕೆಲಸವಿಲ್ಲ. ಮರ ಒಣಗುತ್ತ ಹೋದಂತೆ ಸೆಟೆದು, ತಿರುಚಿ, ಬೆಸುಗೆ ಇನ್ನಷ್ಟು ಬಿಗಿಯಾಗುತ್ತಿತ್ತು. ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡುವರು. ಯಾವುದಕ್ಕೆ ಯಾವುದು ಎಂದು ತಿಳಿಯಲು ಪ್ರತಿಯೊಂದು ಕೂಡಿಕೆಯ ಮೇಲೂ ರೋಮನ್ ಅಂಕಿಗಳಂಥ ಗುರುತುಗಳನ್ನು ಗೀಚುವರು. ಆಮೇಲೆ ಬಿಚ್ಚಿ, ಗಾಡಿಯಲ್ಲಿ ಹೇರಿ, ಮನೆಯ ನಿವೇಶನಕ್ಕೆ ಒಯ್ದು ಎತ್ತಿ ನಿಲ್ಲಿಸುವರು. ತೊಲೆಗಳ ನಡುವೆ ಕಡ್ಡಿಗಳ ತಡಿಕೆ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದರೆ ಗೋಡೆ. ತಡಿಕೆಗೋಡೆಯನ್ನು ನಾವು ಕಾಣದವರೇ? ಆ ವಾಸನೆಯೂ ನಮಗೆ ಹೊಸದಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಿಚ್ಚಿ ಹೇರಿಕೊಂಡು ಹೋಗುವುದು ಈ ಮನೆಗೆ ಹುಟ್ಟಿನಿಂದಲೇ ಬಂದ ಗುಣ. ಆದರೆ ಅದು ಎಲುಬಿಗೆ ಮಾತ್ರ. ಮಣ್ಣಿನ ಗೋಡೆಯನ್ನು ಯಾರೂ ಹೊತ್ತೊಯ್ಯಲಾರರು. ಅದು ಹುಟ್ಟಿದ ನೆಲಕ್ಕೇ ಹೋಗುತ್ತದೆ. ಹೋದಲ್ಲಿ ಹೊಸ ಮಣ್ಣನ್ನು ಮೆತ್ತಿಕೊಳ್ಳಬೇಕು.

ಹೊಗೆಗೂಡು ಬಂದ ಬಗೆ

ತೆರೆದ ಹಜಾರದಲ್ಲಿ ನೂರಾರು ವರ್ಷ ಬದುಕಿದ ಮೇಲೆ ಇಂಗ್ಲೆಂಡಿನ ರೈತರು ಮನಸ್ಸು ಬದಲಾಯಿಸಿದರು. ಇಟ್ಟಿಗೆ ಅಗ್ಗವಾಗುತ್ತ ಬಂದಿತ್ತು, ಕೈಯಲ್ಲಿ ಕಾಸೂ ಆಡುತ್ತಿತ್ತು. ಹಜಾರದೊಳಗೆ ಇಟ್ಟಿಗೆಯ ದೊಡ್ಡ ಹೊಗೆಗೂಡನ್ನು ಎಬ್ಬಿಸಿದರು. ಹೊಗೆ ಹದ್ದುಬಸ್ತಿಗೆ ಬಂದ ಮೇಲೆ ಅಷ್ಟೆತ್ತರದ ಖಾಲಿ ಜಾಗ ಏಕೆ? ಅಡ್ಡ ತೊಲೆ ಹಾಕಿ ಮಾಳಿಗೆ ಮಾಡಿದರು. ಒಂದು ಹಜಾರ ಹೋಗಿ ಕೆಳಗೊಂದು ಮೇಲೊಂದು ಬೆಚ್ಚಗಿನ ಕೋಣೆಗಳಾದವು. ಕಿಟಕಿಗಳಿಗೆ ಗಾಜು ಬಂದಿತು. 1570ರಿಂದ 1640ರವರೆಗೆ ನಾಡಿನ ಉದ್ದಗಲಕ್ಕೂ ನಡೆದ ಈ ರಿಪೇರಿಗೆ ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ ‘ಮಹಾ ಪುನರ್ನಿರ್ಮಾಣ’ ಎಂದೇ ಹೆಸರಿಟ್ಟನು. ಬೇಲೀಫಿಗೆ ಇಟ್ಟಿಗೆಯ ಹೊಗೆಗೂಡೂ ಹಜಾರದ ಮಾಳಿಗೆಯೂ ಬಂದದ್ದು 17ನೆಯ ಶತಮಾನದಲ್ಲಿ.

ಎಲ್ಲ ಕಾಲದಲ್ಲಿಯೂ ಇರುವಂತೆ ಆಗಲೂ ಗೊಣಗುವವರಿದ್ದರು. 1577ರಲ್ಲಿ ತನ್ನ ನಾಡಿನ ವರ್ಣನೆಯನ್ನು ಬರೆದ ಪಾದ್ರಿ ವಿಲಿಯಂ ಹ್ಯಾರಿಸನ್, ಹಳ್ಳಿಯ ಮುದುಕರು ಎಲ್ಲೆಲ್ಲೂ ಎದ್ದ ಹೊಗೆಗೂಡುಗಳನ್ನು ಕಂಡು ಬೆರಗಾಗುವುದನ್ನು ಹೇಳಿದ್ದಾನೆ. ಹೊಗೆ ಮರವನ್ನು ಗಟ್ಟಿ ಮಾಡುತ್ತಿತ್ತು, ಮನೆಯವರ ಆರೋಗ್ಯವನ್ನೂ ಕಾಯುತ್ತಿತ್ತು, ಹೊಗೆಗೂಡು ಬಂದ ಮೇಲೆ ಎಲ್ಲರಿಗೂ ನೆಗಡಿ ಎಂಬ ಭಾವನೆ ಆಗಿನವರದು. ಗ್ಯಾಸಿನ ಒಲೆ ಬಂದ ಹೊಸದರಲ್ಲಿ ನಮ್ಮ ಅಜ್ಜಂದಿರು ಆಡಿದ ಮಾತೂ ಇದೇ ಅಲ್ಲವೆ? ಹೊಗೆ ಕುಡಿಯುತ್ತಿದ್ದ ಹೆಂಗಸರನ್ನು ಮಾತ್ರ ಯಾರೂ ಕೇಳಿದಂತೆ ಕಾಣುವುದಿಲ್ಲ.

ಕಣಿವೆಗೆ ನೀರು ಬಂದಾಗ

ಹೀಗೆ ಮುರಿದು ಕಟ್ಟಿಕೊಳ್ಳುತ್ತ ಬೇಲೀಫ್ ಐದೂವರೆ ನೂರು ವರ್ಷ ಅದೇ ಕಣಿವೆಯಲ್ಲಿ ಬಾಳಿತು. 1960ರ ದಶಕದಲ್ಲಿ ಅದಕ್ಕೆ ಕಂಟಕ ಬಂದಿತು. ಕುಡಿಯುವ ನೀರಿಗಾಗಿ ಬೌ ಬೀಚ್ ಕಣಿವೆಯಲ್ಲಿ ಜಲಾಶಯ ಕಟ್ಟುವುದೆಂದು ನಿಶ್ಚಯವಾಯಿತು. ಅಣೆಕಟ್ಟಿನ ಮಾತೆತ್ತಿದರೆ ಶರಾವತಿಯ ಕಡೆಯವರಿಗೂ ಬಾಗಿಲುಕೋಟೆಯ ಕಡೆಯವರಿಗೂ ನಾವು ಬಿಡಿಸಿ ಹೇಳಬೇಕಾದುದೇನೂ ಇಲ್ಲ.

ಸುಯೋಗದಿಂದ ಅದೇ ಸಮಯಕ್ಕೆ ಸಸೆಕ್ಸಿನಲ್ಲಿ ರಾಯ್ ಆರ್ಮ್‌ಸ್ಟ್ರಾಂಗ್ ಎಂಬ ವಿದ್ವಾಂಸರು ಒಂದು ಹಟ ಹಿಡಿದಿದ್ದರು. ಎರಡನೆಯ ಮಹಾಯುದ್ಧದ ತರುವಾಯ ಕ್ರಾಲಿ ಎಂಬಲ್ಲಿ ಹೊಸ ನಗರವೊಂದು ಎದ್ದಾಗ ಎಷ್ಟೋ ಹಳೆಯ ಮರದ ಮನೆಗಳು ನೆಲಸಮವಾದುದನ್ನು ಅವರು ಕಂಡಿದ್ದರು. ನಿಂತಲ್ಲಿ ಉಳಿಸಲಾಗದ ಮನೆಗಳಿಗೆ ಆಶ್ರಯವೊಂದು ಬೇಕೆಂದು ಗೆಳೆಯರನ್ನು ಕೂಡಿಸಿದರು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿಯೇ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದಿತ್ತು, ಮೇಲ್ಪಂಕ್ತಿಗೆ ಕೊರತೆಯಿರಲಿಲ್ಲ. ನೀರು ಸರಬರಾಜಿನ ಕಂಪನಿಯವರು ಬೇಲೀಫನ್ನು ದಾನವಾಗಿ ಕೊಟ್ಟರು. 1968–69ರಲ್ಲಿ ಮನೆಯನ್ನು ಅಳೆದು, ಚಿತ್ರ ಬರೆದು, ತೊಲೆ ತೊಲೆಗೂ ಸಂಖ್ಯೆ ಕೊಟ್ಟು ಬಿಚ್ಚಿದರು. ಸಂಗ್ರಹಾಲಯ 1970ರಲ್ಲಿ ಜನರಿಗೆ ತೆರೆಯಿತು. 1972ರ ಹೊತ್ತಿಗೆ ಬೇಲೀಫ್ ಅಲ್ಲಿ ಮತ್ತೆ ತಲೆಯೆತ್ತಿ ನಿಂತಿತು.

ಯಾವ ವಯಸ್ಸಿನ ಮನೆ?

ನಿಲ್ಲಿಸುವಾಗ ಹುಟ್ಟಿದ್ದೇ ನಮ್ಮ ಮನೆಯಾಕೆ ಕೇಳಿದ ಪ್ರಶ್ನೆ. 1430ರ ಮನೆಯೋ, 1510ರದೋ, ಹೊಗೆಗೂಡು ಬಂದ ಮೇಲಿನದೋ, ಬಿಚ್ಚಿದ ದಿನದ್ದೋ? ನಾಲ್ಕೂ ನಿಜವಾದ ಮನೆಗಳೇ. ಆದರೆ ನಿಲ್ಲುವುದು ಒಂದೇ. ಸಂಗ್ರಹಾಲಯದವರು 1540ರ ಸುಮಾರಿನ ರೂಪವನ್ನು ಆರಿಸಿಕೊಂಡರು. ಹೊಗೆಗೂಡನ್ನೂ ಹಜಾರದ ಮಾಳಿಗೆಯನ್ನೂ ಬಿಟ್ಟರು.

ಇಲ್ಲವಾದ ಭಾಗಗಳನ್ನು ಮನಸ್ಸಿಗೆ ಬಂದಂತೆ ಕಲ್ಪಿಸಲಿಲ್ಲ. ಹಳೆಯ ತೊಲೆಗಳೇ ಸಾಕ್ಷಿ ಹೇಳುತ್ತವೆ. ಖಾಲಿ ಕುಳಿಗಳು ಸಾಲಾಗಿ ಕಂಡರೆ ಅಲ್ಲಿ ಕಿಟಕಿಯ ಸರಳುಗಳಿದ್ದವೆಂದು ಅರ್ಥ. ಪಕಾಸಿಗಳ ಮೇಲೆ ಮಸಿ ಗಟ್ಟಿಯಾಗಿ ಹಿಡಿದಿದ್ದರೆ ಕೆಳಗೆ ತೆರೆದ ಒಲೆಯಿತ್ತೆಂದು ಅರ್ಥ. ನಾನೂರು ವರ್ಷದ ಹಿಂದಿನ ಅಡಿಗೆಯ ಮಸಿ ಇತಿಹಾಸಕ್ಕೆ ದಾಖಲೆಯಾಗುವುದಾದರೆ, ನಮ್ಮ ಊರ ಅಡಿಗೆಮನೆಗಳೆಲ್ಲ ದೊಡ್ಡ ದಫ್ತರಖಾನೆಗಳೇ ಸರಿ.

ಇಂಥ ಆಯ್ಕೆ ಸರಿಯೇ ಎಂಬ ಜಗಳ ಇಂಗ್ಲೆಂಡಿನಲ್ಲಿ ಹಳೆಯದು. ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಒಂದು ಸಂಘವನ್ನು ಕಟ್ಟಿದನು. ಪ್ರತಿಯೊಂದು ಕಾಲದವರು ಸೇರಿಸಿದ್ದೂ ಕಟ್ಟಡದ ಚರಿತ್ರೆಯೇ. ‘ಮೂಲ ರೂಪಕ್ಕೆ ತರುತ್ತೇವೆ’ ಎಂದು ನಡುವಿನ ಕಾಲವನ್ನು ಕೆರೆದು ಎಸೆಯಬಾರದು, ಸೋರುವುದನ್ನು ಸರಿಪಡಿಸಿ ಸುಮ್ಮನಿರಬೇಕು ಎಂಬುದು ಅವನ ಪಕ್ಷ.

ಈ ಪಕ್ಷಕ್ಕೆ ಕಿವಿಗೊಡದವರಲ್ಲಿ ಒಬ್ಬನ ಹೆಸರು ನಮ್ಮ ದೆಹಲಿಯ ಬಳಗದವರಿಗೆ ಬಹಳ ಪರಿಚಿತ. ಆತ ಎಡ್ವಿನ್ ಲುಟ್ಯೆನ್ಸ್. 1910ರಲ್ಲಿ, ಹೊಸ ದೆಹಲಿಯ ಕೆಲಸ ಅವನ ಕೈಗೆ ಬರುವುದಕ್ಕೆ ಎರಡು ವರ್ಷ ಮೊದಲು, ನಥಾನಿಯಲ್ ಲಾಯ್ಡ್ ಎಂಬ ಶ್ರೀಮಂತನು ಸಸೆಕ್ಸಿನ ನಾರ್ಥಿಯಂ ಹಳ್ಳಿಯಲ್ಲಿ ಡಿಕ್ಸ್ಟರ್ ಎಂಬ 15ನೆಯ ಶತಮಾನದ ಮನೆಯನ್ನು ಕೊಂಡು ಅವನನ್ನು ಕರೆಸಿದನು. ಅಲ್ಲಿಯೂ ದೊಡ್ಡ ಹಜಾರದ ನಡುವೆ ಮಾಳಿಗೆ ಹಾಕಿ ಹೋಳು ಮಾಡಿದ್ದರು. ಲುಟ್ಯೆನ್ಸ್ ಅವನ್ನೆಲ್ಲ ಕಿತ್ತು ಹಾಕಿಸಿ, 40 ಅಡಿ ಉದ್ದ, 31 ಅಡಿ ಎತ್ತರದ ಹಜಾರವನ್ನು ಮತ್ತೆ ಬಯಲಿಗೆ ತಂದನು. ಮನೆ ಸಾಲದೆ ಬಂದಾಗ, ಸುಮಾರು ಒಂಬತ್ತು ಮೈಲಿ ದೂರದ ಬೆನೆಂಡನ್‌ನಲ್ಲಿ ಪಾಳುಬಿದ್ದಿದ್ದ 16ನೆಯ ಶತಮಾನದ ಬೇಸಾಯಗಾರನ ಮನೆಯೊಂದನ್ನು 75 ಪೌಂಡಿಗೆ ಕೊಂಡರು. ಅದರ ತೊಲೆಗಳಿಗೆ ಸಂಖ್ಯೆ ಬರೆದು ಬಿಚ್ಚಿ ತಂದು ಡಿಕ್ಸ್ಟರಿನ ಹಿಂದೆ ಜೋಡಿಸಿದರು. ಎರಡರ ನಡುವೆ ಲುಟ್ಯೆನ್ಸ್ ಹೊಸ ಭಾಗವನ್ನು ಕಟ್ಟಿ ಬೆಸೆದನು. ರಾಷ್ಟ್ರಪತಿ ಭವನವನ್ನು ಕಟ್ಟಿದ ಕೈ ಒಂದು ರೈತನ ಮನೆಯ ಹಳೆಯ ಗೂಟಗಳನ್ನು ಎಣಿಸಿತ್ತೆಂದರೆ ನಮಗೆ ಸೋಜಿಗವೇ.

ಬೆನೆಂಡನ್ನಿನ ಮನೆಗೆ ಅದರಿಂದ ಜೀವದಾನವಾಯಿತೆಂಬುದು ನಿಜ. ಡಿಕ್ಸ್ಟರಿನ ಮಾಳಿಗೆಗಳಲ್ಲಿ ಮುನ್ನೂರು ವರ್ಷ ಮಲಗಿ ಎದ್ದವರ ಗುರುತು ಅಳಿಯಿತೆಂಬುದೂ ನಿಜ. ಇಂದಾದರೆ ಅಷ್ಟು ಸುಲಭವಾಗಿ ಅನುಮತಿ ಸಿಕ್ಕುತ್ತಿರಲಿಲ್ಲ. 1947ರ ಕಾನೂನಿನಿಂದ ಅಲ್ಲಿ ಚಾರಿತ್ರಿಕ ಕಟ್ಟಡಗಳ ಪಟ್ಟಿ ಮಾಡುವ ಪದ್ಧತಿ ಬಂದಿತು. 1968ರ ಕಾನೂನಿನ ಮೇಲೆ, ಪಟ್ಟಿಯಲ್ಲಿದ್ದ ಮನೆಯ ಒಳಗನ್ನಾಗಲಿ ಹೊರಗನ್ನಾಗಲಿ ಅದರ ಸ್ವರೂಪ ಕೆಡುವಂತೆ ಅಪ್ಪಣೆಯಿಲ್ಲದೆ ಬದಲಿಸುವುದು ಅಪರಾಧ.

ಬೇಲೀಫಿನ ನೆರೆಮನೆಯಾದ ವಿಂಕ್‌ಹರ್ಸ್ಟ್‌ನ ಸಂಗತಿಯನ್ನೂ ಹೇಳದಿದ್ದರೆ ಕಥೆ ಮುಗಿಯದು. ಅದೇ ಜಲಾಶಯದ ಕಾರಣದಿಂದ ಅದೂ ಸಿಂಗಲ್ಟನ್ನಿಗೆ ಬಂದಿತು. ಪುಟ್ಟ ಮನೆಯೆಂದು ತಿಳಿದು ಹಾಗೆಯೇ ನಿಲ್ಲಿಸಿದರು. ವರ್ಷಗಳು ಕಳೆದ ಮೇಲೆ ವಿದ್ವಾಂಸರು ಮತ್ತೆ ಪರೀಕ್ಷಿಸಿ, ಇದು ಮನೆಯಲ್ಲ, ದೊಡ್ಡ ಮನೆಯೊಂದರ ಅಡಿಗೆಯ ಕಟ್ಟಡ ಎಂದು ಕಂಡುಕೊಂಡರು. ನಾಚಿಕೆಪಡದೆ ಮತ್ತೊಮ್ಮೆ ಬಿಚ್ಚಿ, 2002ರ ಹೊತ್ತಿಗೆ ಅಡಿಗೆಮನೆಯಾಗಿಯೇ ಕಟ್ಟಿದರು. ಈಗ ಅಲ್ಲಿ ಹಳೆಯ ಕಾಲದ ಅಡಿಗೆಯನ್ನು ಮಾಡಿ ತೋರಿಸುತ್ತಾರೆ. ತಪ್ಪು ತಿದ್ದಲು ಸಾಧ್ಯವಾದುದು ತೊಲೆಗಳೂ ಬರಹವೂ ಕೈಯಲ್ಲಿ ಉಳಿದಿದ್ದುದರಿಂದ. ಸೌದೆಯಾಗಿ ಹೋಗಿದ್ದರೆ ಕೇಳುವುದಕ್ಕೇ ಯಾರೂ ಇರುತ್ತಿರಲಿಲ್ಲ.

ನಮ್ಮ ಕಡೆಯ ವಿಚಾರ

ಇದೆಲ್ಲ ಸಿರಿವಂತ ದೇಶದ ಹವ್ಯಾಸವೆಂದು ಕೈಬಿಡುವಂತಿಲ್ಲ. ಮಣಿಪಾಲದಲ್ಲಿ ಬ್ಯಾಂಕಿನ ನೌಕರರಾಗಿದ್ದ ವಿಜಯನಾಥ ಶೆಣೈಯವರು ಇದೇ ಕೆಲಸಕ್ಕೆ ತಮ್ಮ ಬಾಳನ್ನು ಸವೆಸಿ 2017ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಕುಕನೂರಿನ ಕಮಲ ಮಹಲು, ಹರ್ಕೂರಿನ ಮನೆ ಮೊದಲಾದವು ತಮ್ಮ ಊರು ಬಿಟ್ಟು ಬಂದು ನೆಲೆಸಿವೆ. ಚೆನ್ನೈಯ ಬಳಗದವರಿಗೆ ಇನ್ನೂ ಹತ್ತಿರ: 1996ರಲ್ಲಿ ಮುಟ್ಟುಕಾಡಿನಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನೂ ಚಿಕ್ಕಮಗಳೂರಿನ ಮನೆಯನ್ನೂ ಕಾಣಬಹುದು. ಮಕ್ಕಳನ್ನು ಒಂದು ಭಾನುವಾರ ಕರೆದೊಯ್ಯಬೇಕು.

ಇರಲಿ, ನಮ್ಮ ಮನೆಯ ಕುರುಕ್ಷೇತ್ರಕ್ಕೆ ಬರೋಣ. ಹಿಂದಿರುಗಿ ಬಂದ ಮೇಲೆ ನಮಗೊಂದು ಸಂಗತಿ ಹೊಳೆಯಿತು. ನಾವು ಐವರೂ ಕಾದಾಡುತ್ತಿದ್ದುದು ಒಂದೇ ಮನೆಯ ಬಗೆಗೆ ಅಲ್ಲ. ಹಿರಿಯಣ್ಣನ ಮನಸ್ಸಿನಲ್ಲಿರುವುದು ಮಳೆ ನೇರವಾಗಿ ಬೀಳುತ್ತಿದ್ದ ತೆರೆದ ತೊಟ್ಟಿಯ ಮನೆ. ನಮ್ಮ ತಂದೆಯವರು 1974ರಲ್ಲಿ ಆ ತೊಟ್ಟಿಗೆ ತಗಡು ಹೊದಿಸಿದರು. ಕಿರಿಯ ತಮ್ಮನಿಗೆ ಆ ತಗಡಿನ ಕೆಳಗೆ ಕೇರಂ ಆಡಿದ್ದೇ ಮನೆ. ಅಣ್ಣನಿಗೆ ಅದು ಅಪಚಾರ, ತಮ್ಮನಿಗೆ ಅದೇ ಬಾಲ್ಯ. ಊರಿನಲ್ಲಿಯೇ ಉಳಿದು, ಆ ಮನೆಯಲ್ಲಿ ಇಂದಿಗೂ ದೀಪ ಹಚ್ಚುತ್ತಿರುವ ನಮ್ಮ ಚಿಕ್ಕಮ್ಮನನ್ನು ಕೇಳಿದರೆ, “ನಿಮ್ಮ ತೊಟ್ಟಿಯನ್ನು ಏನಾದರೂ ಮಾಡಿಕೊಳ್ಳಿ. ರಾತ್ರಿ ಮಳೆಯಲ್ಲಿ ಹಿತ್ತಿಲಿಗೆ ಹೋಗುವುದು ತಪ್ಪಿದರೆ ಸಾಕು” ಎಂದರು. ಬೇಲೀಫಿನಲ್ಲಿ ಹೊಗೆಗೂಡು ಕೇಳಿದವಳೂ ಹೀಗೆಯೇ ಹೇಳಿದ್ದಿರಬೇಕು.

ಬೇಲೀಫಿನಲ್ಲಿ ಯಾರೂ ವಾಸವಿಲ್ಲ. ಆದ್ದರಿಂದ ಅದು 1540ರಲ್ಲಿ ನಿಲ್ಲಬಲ್ಲದು. ವಾಸವಿರುವ ಮನೆ ಹಾಗೆ ಒಂದು ವರ್ಷದಲ್ಲಿ ನಿಲ್ಲಲಾರದು. ಒಳಗೆ ಇರುವವರ ಮಾತಿಗೆ ಮೊದಲ ಓಟು ಎಂದು ನಾವು ಪಕ್ಷ ಹಿಡಿದೆವು. ಹಿಂದಿನ ಅಂಕಣದ ತೊಲೆಯನ್ನು ಮಾತ್ರ ಬದಲಾಯಿಸುವುದು, ಅಡಿಗೆಮನೆಯ ಪಕ್ಕದಲ್ಲಿ ಚಿಕ್ಕಮ್ಮನಿಗೆ ಬಚ್ಚಲು ಪಾಯಿಖಾನೆ ಕಟ್ಟಿಸುವುದು, ಉಳಿದುದನ್ನು ಸದ್ಯಕ್ಕೆ ಮುಟ್ಟದಿರುವುದು ಎಂದು ನಾಲ್ವರು ಒಪ್ಪಿದ್ದಾರೆ. ಐದನೆಯವರು ಇನ್ನೂ ದೂರವಾಣಿಯನ್ನು ಎತ್ತುತ್ತಿಲ್ಲ.

ಇನ್ನೊಂದು ಕೆಲಸಕ್ಕೆ ಮಾತ್ರ ಯಾರ ಒಪ್ಪಿಗೆಗೂ ಕಾಯಲಿಲ್ಲ. ಬರುವ ಬೇಸಗೆಯಲ್ಲಿ ಮಕ್ಕಳೊಡನೆ ಹೋಗಿ, ಟೇಪು ಹಿಡಿದು ಮನೆಯನ್ನು ಅಳೆದು ನಕ್ಷೆ ಬರೆಯಲಿದ್ದೇವೆ. ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಯಾವ ಬಾಗಿಲನ್ನು ಯಾವಾಗ ಮುಚ್ಚಿದರು ಎಂಬುದನ್ನು ಚಿಕ್ಕಮ್ಮನ ಬಾಯಿಂದ ಕೇಳಿ ಅದರ ಮೇಲೆಯೇ ಗುರುತಿಸುವುದು. ಮುಂದೆ ಎಂದಾದರೂ ಮನೆ ಬಿದ್ದರೂ, ಬಿಚ್ಚಿದರೂ, ಮಾರಿಹೋದರೂ ಈ ಹಾಳೆ ಮಕ್ಕಳ ಕೈಯಲ್ಲಿರುತ್ತದೆ. ವಾಚಕರೂ ಈ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನವನ್ನು ಇದಕ್ಕೆಂದು ಕೊಡಲಿ. ಟೇಪು ಇಲ್ಲಿಂದಲೇ ಒಯ್ಯುವುದು ಒಳ್ಳೆಯದು; ಊರಿನಲ್ಲಿ ಅದು ಬೇಕಾದ ಹೊತ್ತಿಗೆ ಸಿಕ್ಕುವುದಿಲ್ಲ.